ಮಹಾದಂಡನಾಯಕ ಹೋಗಿ ಮುಖ್ಯಸ್ಥ ಬಂದ ಕಥೆ: ಇದರಲ್ಲಿ ರಾಯಚೂರಿನ ಪಾಲೆಷ್ಟು?

ಜನವರಿ 15 ಬಂತೆಂದರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಕೆ.ಎಂ. ಕಾರ್ಯಪ್ಪನವರ ಫೋಟೊ ಓಡಾಡಲು ಶುರುವಾಗುತ್ತದೆ. ಕೆಳಗೆ ಒಬ್ಬರು 'ಮೊದಲ ಮಹಾದಂಡನಾಯಕ' ಅಂತ ಬರೆದಿರುತ್ತಾರೆ, ಇನ್ನೊಬ್ಬರು 'ಮೊದಲ ಭೂಸೇನಾ ಮುಖ್ಯಸ್ಥ' ಅಂತ. ಎರಡೂ ಒಂದೇ ಅಲ್ವಾ ಅಂತ ಕೇಳಿದರೆ, ಅಲ್ಲ. ಕಾರ್ಯಪ್ಪ ಇದ್ದದ್ದು ಕಮಾಂಡರ್ ಇನ್ ಚೀಫ್ ಆಗಿ. ಶಾಲಾ ಪುಸ್ತಕದ ಕನ್ನಡದಲ್ಲಿ ಮಹಾದಂಡನಾಯಕ. ಚೀಫ್ ಆಫ್ ಆರ್ಮಿ ಸ್ಟಾಫ್, ಅಂದರೆ ಭೂಸೇನಾ ಮುಖ್ಯಸ್ಥ ಎಂಬ ಹೆಸರು ಬಂದದ್ದು ಅವರು ನಿವೃತ್ತರಾಗಿ ಎರಡು ವರ್ಷದ ಮೇಲೆ, 1955ರಲ್ಲಿ. ಅದಕ್ಕಾಗಿಯೇ ಸಂಸತ್ತು ಒಂದು ಕಾಯ್ದೆ ಮಾಡಬೇಕಾಯಿತು.

ಬೋರ್ಡಿನ ಮೇಲಿನ ಹೆಸರು ಬದಲಿಸಲು ಕಾಯ್ದೆ ಯಾಕೆ ಬೇಕಿತ್ತು? ಈ ಹುದ್ದೆಯ ಇತಿಹಾಸವನ್ನು ಮೊದಲಿಂದ ಓದಿಕೊಂಡು ಬಂದರೆ ಅದು ತಾನಾಗಿ ಗೊತ್ತಾಗುತ್ತದೆ. ಸುಮಾರು 1946ರಿಂದ ಒಂದು ದಶಕ ಕಾಲ ಸರ್ಕಾರ ಈ ಕುರ್ಚಿಯ ಕಾಲುಗಳನ್ನು ಒಂದೊಂದಾಗಿ, ಬೇಕಂತಲೇ, ಸದ್ದಿಲ್ಲದೆ ಮೊಟಕು ಮಾಡುತ್ತ ಬಂತು. ನಾನು ಕವಿತಾಳದವನು. ದಿಲ್ಲಿಯ ಸೌತ್ ಬ್ಲಾಕ್ ನಮ್ಮೂರಿಂದ ಬಹಳ ದೂರ. ಆದರೂ ಈ ಕಥೆ ನಮ್ಮೂರ ಮೇಲೆ ಎರಡು ಸಲ ಹಾದುಹೋಗಿದೆ. ಒಮ್ಮೆ ನಮ್ಮ ಜಮೀನಿನ ಕಂದಾಯದ ಮೂಲಕ, ಇನ್ನೊಮ್ಮೆ ನೇರವಾಗಿ ಮಿಲಿಟರಿ ಆಡಳಿತದ ಮೂಲಕ.

ಕಂಪನಿ ಕಾಲದಲ್ಲಿ ಮದ್ರಾಸ್, ಬಾಂಬೆ, ಬಂಗಾಳ ಅಂತ ಮೂರು ಸೈನ್ಯ, ಮೂವರು ದಂಡನಾಯಕರು. ಬಂಗಾಳದವನೇ ಇಡೀ ಇಂಡಿಯಾಕ್ಕೆ ಹಿರಿಯ. 1786ರಲ್ಲಿ ಬಂದ ಕಾರ್ನ್‌ವಾಲಿಸ್, ಗವರ್ನರ್ ಜನರಲ್ ಮತ್ತು ಕಮಾಂಡರ್ ಇನ್ ಚೀಫ್ ಎರಡೂ ಹುದ್ದೆ ತನಗೇ ಬೇಕೆಂದು ಕೇಳಿ ಪಡೆದುಕೊಂಡೇ ಬಂದಿದ್ದ. ರಾಜ್ಯಭಾರ ಮಾಡುವವನೂ ಅವನೇ, ದಂಡು ನಡೆಸುವವನೂ ಅವನೇ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದದ್ದು, ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡದ್ದು ಇದೇ ಕಾರ್ನ್‌ವಾಲಿಸ್. 1799ರ ಮೇ 4ರಂದು ಶ್ರೀರಂಗಪಟ್ಟಣಕ್ಕೆ ನುಗ್ಗಿದ ಪಡೆಯ ನಾಯಕ ಜಾರ್ಜ್ ಹ್ಯಾರಿಸ್ ಮದ್ರಾಸ್ ಸೈನ್ಯದ ಕಮಾಂಡರ್ ಇನ್ ಚೀಫ್ ಆಗಿದ್ದ. ಕನ್ನಡ ನೆಲ ಈ ಹುದ್ದೆಯನ್ನು ಮೊದಲು ನೋಡಿದ್ದು ಹೀಗೆ, ಎದುರು ಪಾಳಯದಲ್ಲಿ.

ನಮ್ಮ ಭಾಗದ ಕಥೆ ಬೇರೆ. ನಿಜಾಮನ ನಾಡಿನಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ 'ಹೈದರಾಬಾದ್ ಕಂಟಿಂಜೆಂಟ್' ಎಂಬ ಪಡೆ ಇತ್ತು. ಲಿಂಗಸುಗೂರು ಅದರ ಠಾಣೆಗಳಲ್ಲೊಂದು. ಪಡೆ ಬ್ರಿಟಿಷರದ್ದು, ಸಂಬಳ ಕೊಡಬೇಕಾದವನು ನಿಜಾಮ. ಬಾಕಿ ಬೆಳೆಯಿತು. 1853ರ ಒಪ್ಪಂದದಲ್ಲಿ ಆ ಬಾಕಿಗೆ ಬರಾರ್ ಮತ್ತು ನಳದುರ್ಗದ ಜೊತೆ ರಾಯಚೂರು ದೋಆಬನ್ನೂ ಬ್ರಿಟಿಷರಿಗೆ ಬರೆದುಕೊಟ್ಟರು. ಕೃಷ್ಣೆ, ತುಂಗಭದ್ರೆಯ ನಡುವಿನ ನೆಲ. ಮಾನ್ವಿ, ದೇವದುರ್ಗ, ಕವಿತಾಳ ಎಲ್ಲ ಅದರೊಳಗೇ ಬರುತ್ತವೆ. ಏಳು ವರ್ಷ ನಮ್ಮ ರೈತರು ಕಟ್ಟಿದ ಕಂದಾಯ ಒಂದು ಸೈನ್ಯದ ಸಂಬಳದ ಖಾತೆಗೆ ಒತ್ತೆಯಾಗಿತ್ತು. 1857ರಲ್ಲಿ ನಿಜಾಮ ಬ್ರಿಟಿಷರ ಕಡೆ ನಿಂತದ್ದಕ್ಕೆ 1860ರಲ್ಲಿ ದೋಆಬ್ ವಾಪಸ್ ಸಿಕ್ಕಿತು.

ಮೂರು ಪ್ರಾಂತ್ಯಗಳ ಸೈನ್ಯ 1895ರಲ್ಲಿ ಒಂದಾಯಿತು. 1902ರಲ್ಲಿ ಕಿಚನರ್ ಕಮಾಂಡರ್ ಇನ್ ಚೀಫ್ ಆಗಿ ಬಂದ. ಮರುವರ್ಷ ಹೈದರಾಬಾದ್ ಕಂಟಿಂಜೆಂಟನ್ನೂ ಇಂಡಿಯನ್ ಆರ್ಮಿಯೊಳಗೆ ಸೇರಿಸಿಬಿಟ್ಟ. ಅವನ ನಿಜವಾದ ಜಗಳ ಇದ್ದದ್ದು ವೈಸ್‌ರಾಯ್ ಕರ್ಜನ್ ಜೊತೆ. ವೈಸ್‌ರಾಯ್ ಕೌನ್ಸಿಲ್‌ನಲ್ಲಿ ದಂಡನಾಯಕನ ಹೊರತಾಗಿ 'ಮಿಲಿಟರಿ ಮೆಂಬರ್' ಅಂತ ಇನ್ನೊಬ್ಬ ಇರುತ್ತಿದ್ದ. ಸೈನ್ಯದ ಖರ್ಚು, ಸರಬರಾಜು ಅವನ ಕೈಯಲ್ಲಿ. ದಂಡನಾಯಕನ ಪ್ರಸ್ತಾವಗಳ ಮೇಲೆ ಎರಡನೇ ಅಭಿಪ್ರಾಯ ಕೊಡುತ್ತಿದ್ದವನೂ ಅವನೇ. ಕಿಚನರ್‌ಗೆ ಇದು ಸಹ್ಯವಾಗಲಿಲ್ಲ. ಲಂಡನ್ ಕಿಚನರ್ ಮಾತು ಕೇಳಿತು, 1905ರಲ್ಲಿ ಕರ್ಜನ್ ರಾಜೀನಾಮೆ ಕೊಟ್ಟ. ವೈಸ್‌ರಾಯನನ್ನೇ ಮನೆಗೆ ಕಳಿಸುವಷ್ಟು ತೂಕ ಆ ಕುರ್ಚಿಗೆ ಇತ್ತು. ಮುಂದಿನ ನಲವತ್ತು ವರ್ಷ ಇಂಡಿಯಾದ ಕಮಾಂಡರ್ ಇನ್ ಚೀಫ್ ಎಂದರೆ ಸೈನ್ಯದ ದಂಡನಾಯಕನೂ ಹೌದು, ಸರ್ಕಾರದೊಳಗೆ ರಕ್ಷಣಾ ಮಂತ್ರಿಯ ಹಾಗೆ ಕೂರುವವನೂ ಹೌದು.

ಸ್ವಾತಂತ್ರ್ಯ ಬರುವ ಮೊದಲೇ ಗರಗಸದ ಕೆಲಸ ಶುರುವಾಯಿತು. 1946ರ ಸೆಪ್ಟೆಂಬರ್‌ನ ಮಧ್ಯಂತರ ಸರ್ಕಾರದಲ್ಲಿ ರಕ್ಷಣಾ ಖಾತೆ ಬಲದೇವ್ ಸಿಂಗ್ ಕೈಗೆ ಹೋಯಿತು, ದಂಡನಾಯಕ ಆಚಿನ್‌ಲೆಕ್ ಕೌನ್ಸಿಲ್‌ನಿಂದ ಹೊರಗಾದರು. 1947ರ ಆಗಸ್ಟ್ 15ರಿಂದ ಭೂಸೇನೆ, ನೌಕಾಪಡೆ, ವಾಯುಪಡೆಗೆ ಬೇರೆ ಬೇರೆ ಮುಖ್ಯಸ್ಥರು. ಮೂರರ ಮೇಲೂ ಕೂರುವ ಒಬ್ಬ ಜನರಲ್ ಇಲ್ಲವಾದ. ಕಮಾಂಡರ್ ಇನ್ ಚೀಫ್ ಇರುತ್ತಿದ್ದ ದೊಡ್ಡ ಬಂಗಲೆ ಫ್ಲ್ಯಾಗ್‌ಸ್ಟಾಫ್ ಹೌಸ್ 1948ರಲ್ಲಿ ಪ್ರಧಾನಿ ನೆಹರೂ ಅವರ ಮನೆಯಾಯಿತು. ಅದೇ ತೀನ್ ಮೂರ್ತಿ ಭವನ. ಮೊದಲಿಬ್ಬರು ದಂಡನಾಯಕರು ಬ್ರಿಟಿಷರೇ: 1947ರ ಕೊನೆಯವರೆಗೆ ರಾಬ್ ಲಾಕ್‌ಹಾರ್ಟ್, ಆಮೇಲೆ ರಾಯ್ ಬುಚರ್. ಸ್ವತಂತ್ರ ದೇಶದ ಸೈನ್ಯ ಹದಿನೇಳು ತಿಂಗಳು ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿತ್ತು ಅನ್ನೋದು ಇವತ್ತು ಎಷ್ಟೋ ಜನರಿಗೆ ಗೊತ್ತಿಲ್ಲ.

ನಮ್ಮನ್ನು ಆಳಿದ ಜನರಲ್

ನಮ್ಮ ಕಡೆ ಹಿರಿಯರು ಈಗಲೂ ಕಾಲ ಹೇಳುವಾಗ 'ಪೊಲೀಸ್ ಆಕ್ಷನ್ನಿನ ಮುಂಚೆ', 'ಪೊಲೀಸ್ ಆಕ್ಷನ್ನಿನ ಮ್ಯಾಲ' ಅಂತಾರೆ. ಹೆಸರಿನಲ್ಲಿ ಪೊಲೀಸ್, ನಡೆಸಿದ್ದು ಸೈನ್ಯ. 1948ರ ಸೆಪ್ಟೆಂಬರ್ 13ಕ್ಕೆ ಶುರುವಾಗಿ ಐದು ದಿನದಲ್ಲಿ ಮುಗಿದ 'ಆಪರೇಷನ್ ಪೋಲೊ'. ದಂಡನಾಯಕ ಬುಚರ್‌ಗೆ ಈ ಕಾರ್ಯಾಚರಣೆಯ ಬಗ್ಗೆ ಹಿಂಜರಿಕೆ ಇತ್ತು. ಸರ್ಕಾರ ಅವರ ಮಾತಿಗೆ ಕಾಯಲಿಲ್ಲ. ದಕ್ಷಿಣ ಕಮಾಂಡ್‌ನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ರಾಜೇಂದ್ರಸಿಂಹಜಿ ಜಡೇಜಾ ಇಡೀ ಕಾರ್ಯಾಚರಣೆಯ ಹೊಣೆ ಹೊತ್ತರು, ಸೊಲ್ಲಾಪುರದ ಕಡೆಯಿಂದ ಮುಖ್ಯ ಪಡೆ ನಡೆಸಿದ್ದು ಮೇಜರ್ ಜನರಲ್ ಜೆ.ಎನ್. ಚೌಧುರಿ. ಇತ್ತ ನಮ್ಮ ತುಂಗಭದ್ರೆಯ ದಂಡೆಯಲ್ಲಿ ಗೂರ್ಖಾ ಪಡೆ ಸೇತುವೆ ಹಿಡಿಯಿತು.

ಎದುರಿಗೂ ಒಬ್ಬ ಸೇನಾ ಮುಖ್ಯಸ್ಥ ಇದ್ದರು: ನಿಜಾಮನ ಸೈನ್ಯದ ಮೇಜರ್ ಜನರಲ್ ಎಲ್ ಎದ್ರೂಸ್. ಅವರ ಸ್ಥಿತಿ ನೋಡಿದರೆ ಪಾಪ ಅನ್ನಿಸುತ್ತದೆ. ಕೈಯಲ್ಲಿ ಸಣ್ಣ ಸೈನ್ಯ, ಹೊರಗೆ ಕಾಸಿಂ ರಜ್ವಿಯ ರಜಾಕಾರರು. ರಜಾಕಾರರು ಯಾವ ಜನರಲ್‌ನ ಕಮಾಂಡಿಗೂ ಒಳಪಟ್ಟವರಲ್ಲ. ರಾಜಕೀಯ ಸಂಘಟನೆಯೊಂದರ ಖಾಸಗಿ ದಂಡು. ಹಳ್ಳಿಗಳಲ್ಲಿ ಜನರಿಗೆ ಕಾಟ ಕೊಟ್ಟದ್ದು ಅವರು, ಕೊನೆಗೆ ಶರಣಾಗತಿಗೆ ಹೋಗಿ ನಿಲ್ಲಬೇಕಾದದ್ದು ಎದ್ರೂಸ್. ಸೆಪ್ಟೆಂಬರ್ 17ಕ್ಕೆ ನಿಜಾಮ ಕದನವಿರಾಮ ಘೋಷಿಸಿದ, ಮರುದಿನ ಎದ್ರೂಸ್ ಚೌಧುರಿಗೆ ಶರಣಾದರು.

ಆ ದಿನದಿಂದ 1949ರ ಕೊನೆಯವರೆಗೆ ಹೈದರಾಬಾದ್ ರಾಜ್ಯಕ್ಕೆ ಚೌಧುರಿಯೇ ಮಿಲಿಟರಿ ಗವರ್ನರ್. ಸುಮಾರು ಹದಿನೈದು ತಿಂಗಳು. ನಿಜಾಮ ಹೆಸರಿಗೆ ಇದ್ದ. ರಾಯಚೂರು, ಕಲಬುರಗಿ, ಬೀದರ್ ಸೇರಿ ಇಡೀ ರಾಜ್ಯದ ಆಡಳಿತದ ಕೊನೆಯ ಸಹಿ ಒಬ್ಬ ಸೈನ್ಯಾಧಿಕಾರಿಯದ್ದು. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಸರ್ದಾರ್ ಪಟೇಲರ ಹೆಸರು ಹತ್ತು ಸಲ ಬರುತ್ತದೆ. ಈ ಹದಿನೈದು ತಿಂಗಳ ಬಗ್ಗೆ ಒಂದು ವಾಕ್ಯ ಬರುವುದು ಅಪರೂಪ.

ಆ ಆಡಳಿತದಲ್ಲಿ ಏನೇನಾಯಿತು? ದೊಡ್ಡ ಕೆಲಸಗಳಾದವು. 1949ರ ಆಗಸ್ಟ್ 15ರಂದು ಜಾರಿಗೆ ಬಂದ ಜಾಗೀರು ರದ್ದತಿ ಕಾನೂನು ಒಂದೇ ಏಟಿಗೆ ತಲೆತಲಾಂತರದ ಜಾಗೀರುದಾರಿಯನ್ನು ಮುಗಿಸಿತು. ಚುನಾಯಿತ ಸರ್ಕಾರಗಳು ವರ್ಷಗಟ್ಟಲೆ ಎಳೆದಾಡುವ ಕೆಲಸ ಅದು. ನಿಜಾಮನ ಖಾಸಗಿ ಜಮೀನು, ಅಂದರೆ ಸರ್ಫ್-ಎ-ಖಾಸ್, ಸರ್ಕಾರಕ್ಕೆ ಸೇರಿದ್ದೂ ಅದೇ ವರ್ಷ. ಹಂಗಾದ್ರೆ ಮಿಲಿಟರಿ ಆಡಳಿತವೇ ಒಳ್ಳೇದಲ್ವಾ ಅಂತ ಕೇಳುವವರು ನನ್ನ ವಯಸ್ಸಿನವರಲ್ಲೂ ಇದ್ದಾರೆ. ಅವರಿಗೆ ಅದೇ ಕಾಲದ ಇನ್ನೊಂದು ದಾಖಲೆ ತೋರಿಸಬೇಕು. ಪೊಲೀಸ್ ಆಕ್ಷನ್ ವೇಳೆ ಮತ್ತು ಅದರ ಬೆನ್ನಿಗೇ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ತಂಡ, ಕಡಿಮೆ ಎಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ ಎಂದು ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇದ್ದವು. ಸೈನ್ಯದ ಹಲವು ಅಧಿಕಾರಿಗಳ ಶಿಸ್ತನ್ನು ಹೊಗಳಿದ ಅದೇ ವರದಿ, ಕೆಲವು ಕಡೆ ಸೈನಿಕರು ಮತ್ತು ಪೊಲೀಸರು ಲೂಟಿಯಲ್ಲಿ ಕೈ ಹಾಕಿದ್ದನ್ನೂ ಬರೆದಿದೆ. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು. ಜಾಗೀರು ರದ್ದಾದದ್ದೂ ನಿಜ, ಇದೂ ನಿಜ. ಪ್ರಶ್ನೆ ಕೇಳಲು ಒಬ್ಬ ಶಾಸಕನೂ ಇಲ್ಲದ ಹದಿನೈದು ತಿಂಗಳು ಅವು ಅನ್ನೋದನ್ನು ಮರೆತು ಒಂದನ್ನೇ ಹೇಳಿದರೆ ಅದು ಅರ್ಧ ಇತಿಹಾಸ.

ಅಂದಹಾಗೆ, ಆ ಕಾರ್ಯಾಚರಣೆಯ ಇಬ್ಬರೂ ಜನರಲ್‌ಗಳು ಮುಂದೆ ಆ ಕುರ್ಚಿಯಲ್ಲಿ ಕೂತರು. ಜಡೇಜಾ ಕೊನೆಯ ಕಮಾಂಡರ್ ಇನ್ ಚೀಫ್ ಮತ್ತು ಮೊದಲ ಭೂಸೇನಾ ಮುಖ್ಯಸ್ಥ. ಚೌಧುರಿ 1962ರ ನವೆಂಬರ್‌ನಿಂದ 1966ರವರೆಗೆ ಮುಖ್ಯಸ್ಥ.

ಕೊಡಗಿನ ಇಬ್ಬರು

1949ರ ಜನವರಿ 15ರಂದು ಬುಚರ್ ಕೈಯಿಂದ ಅಧಿಕಾರ ತೆಗೆದುಕೊಂಡ ಕಾರ್ಯಪ್ಪ ಕೊಡಗಿನ ಶನಿವಾರಸಂತೆಯವರು. 1919ರಲ್ಲಿ ಇಂದೋರ್‌ನ ಡೇಲಿ ಕಾಲೇಜಿನಿಂದ ಹೊರಬಂದ, ಕಿಂಗ್ಸ್ ಕಮಿಷನ್ ಪಡೆದ ಮೊದಮೊದಲ ಭಾರತೀಯರ ತಂಡದಲ್ಲಿ ಒಬ್ಬರು. ನಾಲ್ಕು ವರ್ಷದ ಅವಧಿಯಲ್ಲಿ ಅವರು ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು 1949ರಲ್ಲಿ ಕಟ್ಟಿದ ಬ್ರಿಗೇಡ್ ಆಫ್ ದಿ ಗಾರ್ಡ್ಸ್. ಜಾತಿ, ಪ್ರಾಂತ್ಯ ನೋಡಿ ರೆಜಿಮೆಂಟ್ ತುಂಬುವ ಬ್ರಿಟಿಷ್ ಪದ್ಧತಿಗೆ ಹೊರತಾಗಿ ಎಲ್ಲ ಕಡೆಯವರನ್ನೂ ಬೆರೆಸಿದ ಪಡೆ ಅದು. 'ಯೋಧ ಜನಾಂಗ' ಎಂಬ ಬ್ರಿಟಿಷ್ ಪಟ್ಟಿಯ ದೆಸೆಯಿಂದ ದಂಡಿನ ದಾರಿಯಿಂದ ಹೊರಗುಳಿದ ಪ್ರದೇಶಗಳವರಿಗೆ ಇದರ ಬೆಲೆ ಗೊತ್ತು. ಫೀಲ್ಡ್ ಮಾರ್ಷಲ್ ಪದವಿ ಅವರಿಗೆ ಸಿಕ್ಕಿದ್ದು ಬಹಳ ತಡವಾಗಿ, 1986ರಲ್ಲಿ.

ಅವರ ನಂತರ ಬಂದ ಜಡೇಜಾ ಕಾಲದಲ್ಲಿ, 1955ರ ಏಪ್ರಿಲ್ 1ರಿಂದ, ಹೆಸರು ಬದಲಾಯಿತು. ಸಂವಿಧಾನದ 53ನೇ ವಿಧಿ ರಕ್ಷಣಾ ಪಡೆಗಳ ಪರಮಾಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿದೆ. ಇನ್ನೊಬ್ಬ 'ಕಮಾಂಡರ್ ಇನ್ ಚೀಫ್' ಯಾಕೆ ಎಂಬುದು ವಾದ. ಕುರ್ಚಿ ಅದೇ, ಸೈನ್ಯ ನಡೆಸುವ ಕೆಲಸವೂ ಅದೇ. ಆದರೆ 'ಸ್ಟಾಫ್' ಎಂಬ ಪದ ಸುಮ್ಮನೆ ಬಂದದ್ದಲ್ಲ. ನೀನು ಸರ್ಕಾರದ ಸಲಹೆಗಾರ ಸಿಬ್ಬಂದಿಯ ಹಿರಿಯ, ಒಡೆಯ ಬೇರೆ ಇದ್ದಾನೆ ಎಂದು ಅದು ದಿನಾ ನೆನಪಿಸುತ್ತದೆ. ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಅಲ್ಲಿ ಫ್ಯೂಸ್ ತಂತಿಯನ್ನು ಬೇಕಂತಲೇ ತೆಳ್ಳಗೆ ಇಡುತ್ತಾರೆ, ಅತಿ ಕರೆಂಟ್ ಹರಿದರೆ ಮೊದಲು ಅದು ಹೋಗಲಿ, ಮನೆ ಉಳಿಯಲಿ ಅಂತ. 1955ರ ಕಾಯ್ದೆ ಓದಿದಾಗ ನನಗೆ ನೆನಪಾದದ್ದು ಅದು.

ಪಕ್ಕದ ಮನೆಯಲ್ಲಿ ಏನಾಯಿತು ನೋಡಿ. ಪಾಕಿಸ್ತಾನ 1972ರವರೆಗೂ ಕಮಾಂಡರ್ ಇನ್ ಚೀಫ್ ಹೆಸರನ್ನೇ ಇಟ್ಟುಕೊಂಡಿತ್ತು. 1951ರಲ್ಲಿ ಆ ಹುದ್ದೆಗೆ ಬಂದ ಅಯೂಬ್ ಖಾನ್ 1958ರ ಅಕ್ಟೋಬರ್‌ನಲ್ಲಿ ದೇಶವನ್ನೇ ಕೈಗೆ ತೆಗೆದುಕೊಂಡರು. ಕಾರ್ಯಪ್ಪ, ಅಯೂಬ್ ಇಬ್ಬರೂ ಒಂದೇ ಬ್ರಿಟಿಷ್ ಇಂಡಿಯನ್ ಆರ್ಮಿಯಲ್ಲಿ ತಯಾರಾದವರು. ವ್ಯಕ್ತಿಯ ಗುಣವನ್ನೇ ನಂಬಿ ಕೂತಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ. ಬರೀ ಹೆಸರು ಬದಲಿಸಿದರೂ ಸಾಲದು ಅನ್ನಿ. 1972ರಲ್ಲಿ ಅವರೂ ಬದಲಿಸಿದರು, 1977ರಲ್ಲಿ ಜಿಯಾ ಉಲ್ ಹಕ್ ಬಂದೇ ಬಂದರು.

ಅಯೂಬ್ ದಂಗೆಯಾಗಿ ವರ್ಷ ತುಂಬುವ ಮೊದಲೇ ನಮ್ಮಲ್ಲಿ ತಿಮ್ಮಯ್ಯ ಪ್ರಕರಣ ನಡೆಯಿತು. ಮಡಿಕೇರಿಯ ಕೆ.ಎಸ್. ತಿಮ್ಮಯ್ಯ 1948ರಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಪಡೆಯ ನಾಯಕ, ಕೊರಿಯಾದಲ್ಲಿ ಯುದ್ಧಕೈದಿಗಳ ವಾಪಸಾತಿಯ ಆಯೋಗಕ್ಕೆ ಅಧ್ಯಕ್ಷ, 1957ರಿಂದ ಭೂಸೇನಾ ಮುಖ್ಯಸ್ಥ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಬಡ್ತಿಗಳಲ್ಲಿ ಕೈಹಾಕುತ್ತಿದ್ದಾರೆ, ಬಿ.ಎಂ. ಕೌಲ್ ಅಂಥವರನ್ನು ಮುಂದೆ ತರುತ್ತಿದ್ದಾರೆ ಎಂಬುದು ಜಗಳದ ತಿರುಳು. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಕರೆದು ಮಾತಾಡಿ ವಾಪಸ್ ತೆಗೆಸಿದರು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನಾಗರಿಕ ಅಧಿಕಾರವೇ ಮೇಲು ಎಂದು ಹೇಳಿ ತಿಮ್ಮಯ್ಯನವರ ನಡೆಯನ್ನು ಒಪ್ಪಲಿಲ್ಲ. ಮನೆಯೊಳಗೆ ಸಮಾಧಾನ ಮಾಡಿ ಅಂಗಳದಲ್ಲಿ ಬೈದ ಹಾಗೆ.

ನೆಹರೂ ಹೇಳಿದ ತತ್ವ ಸರಿ. ಆದರೆ ತಿಮ್ಮಯ್ಯ ಎತ್ತಿದ ಪ್ರಶ್ನೆ ತತ್ವದ್ದಲ್ಲ, ನೇಮಕದ್ದು. ಅದಕ್ಕೆ ಉತ್ತರ ಸಿಗಲೇ ಇಲ್ಲ. 1961ರಲ್ಲಿ ಅವರು ಹೋಗುವಾಗ ತಮ್ಮ ನಂತರಕ್ಕೆ ಎಸ್.ಪಿ.ಪಿ. ಥೋರಟ್ ಆಗಲಿ ಎಂದಿದ್ದರು. ಆದದ್ದು ಪಿ.ಎನ್. ಥಾಪರ್. ಕೌಲ್ ಚೀಫ್ ಆಫ್ ಜನರಲ್ ಸ್ಟಾಫ್ ಆದರು, 1962ರ ಅಕ್ಟೋಬರ್‌ನಲ್ಲಿ ಈಶಾನ್ಯದ ಗಡಿಯಲ್ಲಿ ಕೋರ್ ಕಮಾಂಡರ್ ಆದರು. ನವೆಂಬರ್‌ನಲ್ಲಿ ಸೋತೆವು. ಮೆನನ್, ಥಾಪರ್ ಇಬ್ಬರೂ ಹೋದರು. ಜನರಲ್‌ಗಳ ಮೇಲೆ ಹಿಡಿತ ಇರಬೇಕು ಎಂಬುದು ಒಂದು ಮಾತು, ಹೌದಪ್ಪ ಎನ್ನುವ ಜನರಲ್‌ನನ್ನು ಆರಿಸುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡದ್ದರ ಬೆಲೆ ಆ ಚಳಿಗಾಲದಲ್ಲಿ ಸೈನಿಕರು ತೆತ್ತರು. ತಿಮ್ಮಯ್ಯ ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತ 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು. ಮಡಿಕೇರಿಯ ಅವರ 'ಸನ್ನಿ ಸೈಡ್' ಮನೆ ಈಗ ಮ್ಯೂಸಿಯಂ. ಹೋದರೆ ನೋಡಿ ಬನ್ನಿ.

ಸೋತ ಸೈನ್ಯವನ್ನು ಕೈಗೆ ತೆಗೆದುಕೊಂಡದ್ದು ನಮ್ಮ ಹಳೆಯ ಮಿಲಿಟರಿ ಗವರ್ನರ್ ಚೌಧುರಿ. ಸೋಲಿನ ಕಾರಣ ಹುಡುಕಲು ಅವರು ನೇಮಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಯಾವ ಸರ್ಕಾರವೂ ಪೂರ್ತಿ ಬಿಡುಗಡೆ ಮಾಡಿಲ್ಲ. 1964ರಲ್ಲಿ ನೆಹರೂ ತೀರಿಕೊಂಡಾಗ ಅಂತ್ಯಕ್ರಿಯೆಯ ಜನಸಂದಣಿಗೆಂದು ಚೌಧುರಿ ದಿಲ್ಲಿಗೆ ಹೆಚ್ಚುವರಿ ಪಡೆ ಕರೆಸಿದ್ದೇ ಸಂಶಯಕ್ಕೆ ಕಾರಣವಾಗಿ, ವಿವರಣೆ ಕೊಡಬೇಕಾಯಿತು. ಇಂಥ ಅನುಮಾನ ಮತ್ತೆ ಎದ್ದದ್ದು 2012ರಲ್ಲಿ. ಜನ್ಮದಿನಾಂಕದ ವಿಷಯಕ್ಕೆ ಸರ್ಕಾರದ ವಿರುದ್ಧ ಮುಖ್ಯಸ್ಥ ವಿ.ಕೆ. ಸಿಂಗ್ ಸುಪ್ರೀಂ ಕೋರ್ಟಿಗೆ ಹೋಗಿದ್ದ ಜನವರಿಯಲ್ಲೇ ದಿಲ್ಲಿಯ ಕಡೆ ಸೇನಾ ಚಲನೆ ನಡೆದಿತ್ತು ಎಂದು ಪತ್ರಿಕೆಯೊಂದು ಬರೆಯಿತು. ದಂಗೆಯ ಮಾತನ್ನು ಸರ್ಕಾರವೇ ತಳ್ಳಿಹಾಕಿತು. ಸಿಂಗ್ ನಿವೃತ್ತರಾಗಿ ಎರಡು ವರ್ಷಕ್ಕೆ ಬಿಜೆಪಿಯಿಂದ ಕೇಂದ್ರ ಮಂತ್ರಿಯಾದರು.

ಈಗ ಆತಂಕ ಎಲ್ಲಿ?

1971ರ ಯುದ್ಧ ಗೆದ್ದ ಮಾಣೆಕ್‌ಷಾ ಬಗ್ಗೆ ಸಿನಿಮಾನೇ ಬಂದಿದೆ, ಇಲ್ಲಿ ಬರೆಯುವುದಿಲ್ಲ. ಅವರ ನಂತರ ಬಂದ ಜನರಲ್ ಜಿ.ಜಿ. ಬೇವೂರ್ ಕಥೆ ಹೆಚ್ಚು ಜನರಿಗೆ ಗೊತ್ತಿಲ್ಲ. ಹೆಸರು ಕೇಳಿದರೆ ಬಾಗಲಕೋಟೆ ಕಡೆಯ ಬೇವೂರು ನೆನಪಾಗುತ್ತದೆ. ಇಂದಿರಾ ಸರ್ಕಾರ ಅವರ ಅವಧಿಯನ್ನು ವಿಸ್ತರಿಸಿತು. ಅಷ್ಟರಲ್ಲಿ ಸರದಿಯಲ್ಲಿದ್ದ ಪ್ರೇಮ್ ಭಗತ್ ನಿವೃತ್ತರಾಗಿಹೋದರು. ವಿಕ್ಟೋರಿಯಾ ಕ್ರಾಸ್ ಪಡೆದ, 1962ರ ಸೋಲಿನ ವರದಿ ಬರೆದ ಅದೇ ಭಗತ್. ಯಾರನ್ನೂ ತೆಗೆಯಲಿಲ್ಲ, ಯಾರನ್ನೂ ಬೈಯಲಿಲ್ಲ, ಕ್ಯಾಲೆಂಡರ್ ಒಂದೇ ಸಾಕಾಯಿತು. 1983ರಲ್ಲಿ ಎಸ್.ಕೆ. ಸಿನ್ಹಾ ಅವರನ್ನು ಬಿಟ್ಟು ಎ.ಎಸ್. ವೈದ್ಯ, ಸಿನ್ಹಾ ರಾಜೀನಾಮೆ. 2016ರಲ್ಲಿ ಪ್ರವೀಣ್ ಬಕ್ಷಿ, ಪಿ.ಎಂ. ಹಾರಿಜ್ ಇಬ್ಬರನ್ನೂ ದಾಟಿ ಬಿಪಿನ್ ರಾವತ್. 2024ರ ಮೇನಲ್ಲಿ, ಲೋಕಸಭಾ ಚುನಾವಣೆ ನಡೆಯುತ್ತಿದ್ದಾಗ, ಮನೋಜ್ ಪಾಂಡೆ ನಿವೃತ್ತಿಗೆ ಕೆಲವೇ ದಿನ ಇರುವಾಗ ಒಂದು ತಿಂಗಳ ವಿಸ್ತರಣೆ. ಜೂನ್ 30ಕ್ಕೆ ಉಪೇಂದ್ರ ದ್ವಿವೇದಿ ಬಂದರು. ಕಾಂಗ್ರೆಸ್ ಮಾಡಿದ್ದು, ಬಿಜೆಪಿ ಮಾಡಿದ್ದು ಎಂದು ಇಲ್ಲಿ ಬೇರೆ ಮಾಡಲು ಹೋಗಬೇಡಿ. ಎಲ್ಲರಿಗೂ ಈ ಬಾಗಿಲು ಗೊತ್ತು. ಹಿರಿತನವೊಂದೇ ಅಳತೆಯಾಗಬೇಕು ಎಂದೂ ನಾನು ಹೇಳುತ್ತಿಲ್ಲ. ಹಿರಿಯನನ್ನು ದಾಟಿ ಹೋಗುವ ಹಕ್ಕು ಸರ್ಕಾರಕ್ಕೆ ಇರಲೇಬೇಕು. ಯಾಕೆ ದಾಟಿದೆವು ಎಂದು ಹೇಳುವ ಹೊಣೆಯೂ ಜೊತೆಗೇ ಇರಬೇಕಿತ್ತು.

1947ರಲ್ಲಿ ಒಡೆದ ಮೂರು ಪಡೆಗಳ ಮೇಲೊಬ್ಬ ಹಿರಿಯ ಮತ್ತೆ ಬಂದದ್ದು 2020ರ ಜನವರಿ 1ಕ್ಕೆ: ಚೀಫ್ ಆಫ್ ಡಿಫೆನ್ಸ್ ಸ್ಟಾಫ್, ಮೊದಲಿಗೆ ರಾವತ್. ಕಾರ್ಗಿಲ್ ನಂತರದ ಸಚಿವರ ಗುಂಪು ಶಿಫಾರಸು ಮಾಡಿ ಸುಮಾರು ಎರಡು ದಶಕ ಕಳೆದಿತ್ತು. ಹಳೆಯ ಕಮಾಂಡರ್ ಇನ್ ಚೀಫ್ ವಾಪಸ್ ಬಂದನೇ? ಪೂರ್ತಿ ಇಲ್ಲ. ಮೂರು ಪಡೆಗಳ ಮುಖ್ಯಸ್ಥರ ಮೇಲೆ ಅವರಿಗೆ ನೇರ ಕಮಾಂಡ್ ಇಲ್ಲ. ಆದರೆ ರಕ್ಷಣಾ ಸಚಿವಾಲಯದೊಳಗೆ ಸೇನಾ ವ್ಯವಹಾರಗಳ ಇಲಾಖೆಗೆ ಅವರೇ ಕಾರ್ಯದರ್ಶಿ. ಸಮವಸ್ತ್ರದವರು ಹೀಗೆ ಸರ್ಕಾರದ ಕಡತಕ್ಕೇ ಸಹಿ ಹಾಕುವ ಜಾಗಕ್ಕೆ ಬಂದದ್ದು ಹೊಸದು. 2021ರ ಡಿಸೆಂಬರ್ 8ರಂದು ಕೂನೂರು ಬಳಿಯ ಹೆಲಿಕಾಪ್ಟರ್ ದುರಂತದಲ್ಲಿ ರಾವತ್ ತೀರಿಕೊಂಡ ಮೇಲೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಆ ಹುದ್ದೆ ಖಾಲಿ ಇತ್ತು. ಅದರ ನಡುವೆ, 2022ರ ಜೂನ್‌ನಲ್ಲಿ, ನಿಯಮ ತಿದ್ದಿದರು: 62 ವರ್ಷ ಮೀರದ ನಿವೃತ್ತ ಲೆಫ್ಟಿನೆಂಟ್ ಜನರಲ್ ಕೂಡ ಅರ್ಹ. ಸೆಪ್ಟೆಂಬರ್‌ನಲ್ಲಿ ನೇಮಕವಾದ ಅನಿಲ್ ಚೌಹಾಣ್ ಅಂಥ ನಿವೃತ್ತ ಅಧಿಕಾರಿಯೇ. ಅವರ ಯೋಗ್ಯತೆಯ ಪ್ರಶ್ನೆ ಇದಲ್ಲ. ನಿವೃತ್ತಿಯಾದ ಮೇಲೂ ದೇಶದ ಅತಿ ದೊಡ್ಡ ಸೇನಾ ಹುದ್ದೆ ಸಿಗಬಹುದು ಎಂದಾದರೆ, ಸೇವೆಯಲ್ಲಿರುವಾಗಲೂ ನಿವೃತ್ತಿಯ ನಂತರವೂ ಅಧಿಕಾರಿಗಳು ಆಡುವ ಮಾತು ಯಾರ ಕಿವಿಗೆ ಬೀಳಲೆಂದು ಆಡಿದ್ದು ಎಂಬ ಅನುಮಾನ ಹುಟ್ಟುತ್ತದೆ. ಅದು ಆ ಅಧಿಕಾರಿಗಳಿಗೂ ಒಳ್ಳೆಯದಲ್ಲ.

ಭೂಸೇನಾ ಮುಖ್ಯಸ್ಥರ ಅವಧಿ ಮೂರು ವರ್ಷ ಅಥವಾ 62 ವಯಸ್ಸು, ಯಾವುದು ಮೊದಲೋ ಅದು. ಹೆಸರು ಆಖೈರು ಮಾಡುವುದು ಪ್ರಧಾನಿ ನೇತೃತ್ವದ ಸಂಪುಟದ ನೇಮಕಾತಿ ಸಮಿತಿ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಸೈನ್ಯದ ಬಜೆಟ್ ನೋಡುತ್ತದೆ, ಬೂಟು, ಕೋಟುಗಳ ಕೊರತೆಯನ್ನೂ ಕೇಳುತ್ತದೆ. ಆ ಬಜೆಟ್ ಯಾರ ಕೈಗೆ ಹೋಗುತ್ತದೋ ಅವರ ನೇಮಕದ ಕಡತ ಮಾತ್ರ ಆ ಸಮಿತಿಯ ಮುಂದೆ ಬರುವುದೇ ಇಲ್ಲ.